ನನ್ನ ಮುಂಗೈ, ಮಾಸ್ತರ ಕಾರು, ಕೋರ್ಟಿನ ಕಟ್ಟೆ

ಅಫಜಲಪುರದಲ್ಲಿ ನಮ್ಮದೊಂದು ಸಣ್ಣ ಖಾನಾವಳಿ ಇದೆ. ಊಟಕ್ಕೆ ಕೂತವರು ಮನೆಯಲ್ಲಿ ಆಡದ ಮಾತನ್ನೂ ಅಲ್ಲಿ ಆಡುತ್ತಾರೆ. ಹೀಗಾಗಿ ನಗುವಂಥ ಪ್ರಸಂಗಗಳಿಗೆ ನನ್ನ ಬದುಕಿನಲ್ಲಿ ಯಾವತ್ತೂ ಕೊರತೆ ಬಿದ್ದಿಲ್ಲ. ಆದರೆ ಆಸ್ಪತ್ರೆಯಲ್ಲಿ, ವಕೀಲರ ಆಫೀಸಿನಲ್ಲಿ, ಕೋರ್ಟಿನ ಕಟಕಟೆಯಲ್ಲಿ ಕೂಡ ಅಂಥವು ಅಷ್ಟೇ ಧಾರಾಳವಾಗಿ ಆಗುತ್ತಿರುತ್ತವೆ ಎಂದು ತಿಳಿಯಲು ನನ್ನ ಬಲಗೈ ಮುರಿಯಬೇಕಾಯಿತು.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನಾನು ಎಚ್ಚರವಿದ್ದೇ ಕನಸು ಕಾಣುವವಳು. ಜೋಳದ ಹಿಟ್ಟು ನಾದಿ, ಮುದ್ದೆ ಮಾಡಿ ಹಲಗೆಯ ಮೇಲಿಟ್ಟು ಅಂಗೈಯಿಂದ ತಪತಪ ಬಡಿಯಲು ಸುರು ಮಾಡಿದರೆ ರೊಟ್ಟಿ ತಾನೇ ತಿರುಗುತ್ತ ಅಗಲವಾಗುತ್ತದೆ. ಆ ಸದ್ದಿನಲ್ಲಿ ನಾನು ಎದ್ದು ಎಲ್ಲಿಗೋ ಹೊರಟುಬಿಡುತ್ತೇನೆ. ಹೆಚ್ಚಾಗಿ ಹೋಗುವುದು ನನ್ನ ತವರು ಮಣ್ಣೂರಿಗೆ, ಭೀಮಾ ನದಿಯ ದಂಡೆಗೆ. ಅಲ್ಲಿ ನೀರು ಮಂದವಾಗಿ ಹರಿಯುತ್ತಿರುತ್ತದೆ, ಎಮ್ಮೆಗಳು ಕಣ್ಣು ಮುಚ್ಚಿ ನಿಂತಿರುತ್ತವೆ, ಯಾರಿಗೂ ಯಾವ ಅವಸರವೂ ಇರುವುದಿಲ್ಲ. ಸೊಸೆ ಬಂದು ಭುಜ ಮುಟ್ಟಿದಾಗ ಎದುರಿಗೆ ರೊಟ್ಟಿಯ ಗುಡ್ಡೆ ಎದ್ದಿರುತ್ತದೆ. ಬಡಿದದ್ದು ಯಾರು ಎಂದು ನನಗೇ ಸಂಶಯ. ಕೈ ಮುರಿದಾಗ ಕೆಲಸ ಹೋಯಿತು ಎಂದು ಎಲ್ಲರೂ ಮರುಗಿದರು. ಮಣ್ಣೂರಿಗೆ ಹೋಗುವ ದಾರಿಯೂ ಬಂದಾಗಿತ್ತು. ಅದನ್ನು ಯಾರ ಮುಂದೆ ಹೇಳಬೇಕೋ ತಿಳಿಯಲಿಲ್ಲ.

ಹಿಂದಿನ ಬೆಂಚು

ದೀಪಾವಳಿ ಆಗಿ ಒಂದು ವಾರಕ್ಕೆ, ಖಜೂರಿಗೆ ಕೊಟ್ಟ ನನ್ನ ತಂಗಿಯ ಮನೆಯಲ್ಲಿ ಅವಳ ಬಸುರಿ ಸೊಸೆಯ ಕುಬಸದ ಕಾರ್ಯ ಮುಗಿಸಿಕೊಂಡು ಆಳಂದಕ್ಕೆ ಬಂದು ಬಸ್ಸಿಗೆ ನಿಂತಿದ್ದೆ. ಕಳಿಸಲು ಬಂದಿದ್ದ ತಂಗಿಯ ಮಗಳು ನನ್ನ ಫೋನ್ ಇಸಿದುಕೊಂಡಳು. ಒಂದೇ ದಾರಿಗೆ ಹೋಗುವವರು ಕಾರಿನ ಸೀಟು ಹಂಚಿಕೊಳ್ಳುವ ಆ್ಯಪ್ ಒಂದು ಬಂದಿದೆಯಂತೆ. ಬೆರಳು ಆಡಿಸಿ, ‘ಸೀಟ್ ಸಿಕ್ತು ದೊಡ್ಡವ್ವ, ಮಾಸ್ತರ ಕಾರು’ ಎಂದಳು.

ಮಾಸ್ತರು ಆಳಂದದ ಶಾಲೆಯೊಂದರಲ್ಲಿ ಉರ್ದು ಕಲಿಸುವವರು. ವಾರಕ್ಕೊಮ್ಮೆ ಅಫಜಲಪುರದ ತಮ್ಮ ಮನೆಗೆ ಹೋಗುವಾಗ ಖಾಲಿ ಸೀಟಿಗೆ ಯಾರನ್ನಾದರೂ ಕೂರಿಸಿಕೊಳ್ಳುತ್ತಿದ್ದರು. ಮುಂದಿನ ಸೀಟಿನಲ್ಲಿ ಜೇವರ್ಗಿಯ ಹಿರಿಯರೊಬ್ಬರು ಕೂತಿದ್ದರು. ಹಣೆತುಂಬ ವಿಭೂತಿ, ಬಟ್ಟೆ ಅಂಗಡಿಯವರು, ಆಳಂದದಲ್ಲಿ ಕೆಲಸ ಮುಗಿಸಿ ಅಫಜಲಪುರಕ್ಕೆ ಕೊಟ್ಟ ಮಗಳನ್ನು ನೋಡಲು ಹೊರಟಿದ್ದರು. ಆಳಂದ ದಾಟುವುದರೊಳಗೆ ಅವರ ಗದ್ದ ಎದೆಗೆ ಹತ್ತಿತ್ತು. ಹಿಂದಿನ ಸೀಟಿನಲ್ಲಿ ನಾನೊಬ್ಬಳೇ.

ಮಾಸ್ತರು ಬಹಳ ಸಭ್ಯರು, ಕಾರು ನಿಧಾನ ಓಡಿಸುವವರು. ಆದರೆ ಅವರಿಗೆ ಒಂದು ರೂಢಿ. ಮಾತಾಡುವಾಗ ಹಿಂದಿನ ಬೆಂಚಿನ ಕಡೆ ನೋಡಿಯೇ ಮಾತಾಡಬೇಕು. ಇಷ್ಟು ವರ್ಷ ಹಾಗೆ ಪಾಠ ಮಾಡಿ ಕುತ್ತಿಗೆ ಆ ಕಡೆಗೇ ಒಗ್ಗಿಹೋಗಿತ್ತು. ಆವತ್ತು ಅವರ ಕಾರಿನ ಹಿಂದಿನ ಬೆಂಚು ನಾನು. ಶಾಲೆ ತಪಾಸಣೆಗೆ ಬಂದ ಸಾಹೇಬರಿಗೆ ಒಬ್ಬ ಹುಡುಗ ಏನು ಉತ್ತರ ಕೊಟ್ಟ ಎಂಬ ಕಥೆ ಹೇಳುತ್ತಿದ್ದರು. ಉತ್ತರ ಬರುವ ಹೊತ್ತಿಗೆ ಪೂರ್ತಿ ನನ್ನ ಕಡೆ ತಿರುಗಿದರು. ರಸ್ತೆಯೂ ಅದೇ ಹೊತ್ತಿಗೆ ತಿರುಗಿತು. ಕಾರು ಮಾತ್ರ ತಿರುಗಲಿಲ್ಲ.

ಅವಸರವೇ ಇಲ್ಲದಂತೆ ಕಾರು ರಸ್ತೆ ಬಿಟ್ಟು, ಹೂ ಬಿಟ್ಟ ತೊಗರಿ ಹೊಲದೊಳಗೆ ಇಳಿದು, ಒಡ್ಡಿಗೆ ಹತ್ತಿ ವಾಲಿಕೊಂಡಿತು. ನನ್ನ ಬಲಗೈ ಮುಂದಿನ ಸೀಟಿಗೆ ಊರಿತ್ತು, ಅದರ ಮೇಲೆ ನಾನೇ ಬಿದ್ದೆ. ಒಂದು ಸದ್ದಾಯಿತು. ಆಮೇಲೆ ಎಲ್ಲ ಶಾಂತ. ಗಾಜಿನ ತುಂಬ ಹಳದಿ ಹೂ, ಹೂವಿನ ಮೇಲೆ ಸಂಜೆಯ ಬಿಸಿಲು, ಎಲ್ಲೋ ಒಂದು ದುಂಬಿ. ನೋವು ಇನ್ನೂ ಬಂದಿರಲಿಲ್ಲ. ನಾನು ಸತ್ತಿದ್ದೇನೆ, ಸ್ವರ್ಗವೆಂದರೆ ತೊಗರಿ ಹೊಲವೇ ಇರಬೇಕು, ಇಷ್ಟು ದಿನ ಸುಮ್ಮನೆ ಹೆದರಿದ್ದೆ ಅನ್ನಿಸಿತು.

ಗಿಡ ಸರಿಸಿಕೊಂಡು ಒಂದು ಮುಖ ಬಂತು. ತಲೆಗೆ ಬಿಳಿ ರುಮಾಲು, ಹಿಂದೆ ಮುಳುಗುವ ಸೂರ್ಯ. ಕರೆದೊಯ್ಯಲು ಬಂದವರು ಇವರೇ ಎಂದು ನಾನು ಎಡಗೈಯನ್ನೇ ಎದೆಗೆ ತಂದು ನಮಸ್ಕಾರ ಮಾಡಿದೆ. ಅವರು ಆ ಹೊಲದ ಒಡೆಯರು. ನನ್ನನ್ನು ದಿಟ್ಟಿಸಿ ನೋಡಿ ಕೇಳಿದರು:

‘ಅಕ್ಕಾರ, ನೀವು ಅಫಜಲಪುರ ಖಾನಾವಳಿಯೋರು ಅಲ್ಲೇನ್ರಿ? ಹಂಗಾರ ಇವತ್ತ ಊಟ ಬಂದ್ ಏನ್ರಿ?’

ಐದು ನಕ್ಷತ್ರ

ಆಂಬ್ಯುಲೆನ್ಸ್ ಬರುವ ತನಕ ನನ್ನನ್ನು ಒಡ್ಡಿನ ಮೇಲೆ ಮಲಗಿಸಿದ್ದರು. ಮಾಸ್ತರ ಹಣೆ ಗೀರಿತ್ತು. ಅವರು ತಮ್ಮ ಕರವಸ್ತ್ರವನ್ನು ತಮ್ಮ ಹಣೆಗೆ ಒತ್ತಿಕೊಳ್ಳುವುದು ಬಿಟ್ಟು ನನಗೆ ಗಾಳಿ ಬೀಸುತ್ತಿದ್ದರು. ಜೇವರ್ಗಿಯ ಹಿರಿಯರಿಗೆ ಒಂದು ಕೂದಲೂ ಕೊಂಕಿರಲಿಲ್ಲ. ಅವರು ಆಗಷ್ಟೇ ಎಚ್ಚರಾಗಿ, ಅಫಜಲಪುರ ಬಂತೇ ಎಂದು ಕೇಳುತ್ತಿದ್ದರು.

ನನ್ನ ಎಡಗೈಯಲ್ಲಿದ್ದ ಫೋನು ಟಿಣ್ ಟಿಣ್ ಅನ್ನಲು ಹತ್ತಿತು. ಕಾರು ನಿಂತಿದ್ದರಿಂದ ಪ್ರಯಾಣ ಮುಗಿಯಿತು ಎಂದು ಅದು ತಿಳಿದಿತ್ತು. ‘ನಿಮ್ಮ ಪ್ರಯಾಣ ಹೇಗಿತ್ತು?’ ಎಂದು ಕೇಳುತ್ತಿತ್ತು. ಕೆಳಗೆ ಸಾಲಾಗಿ ಖಾಲಿ ನಕ್ಷತ್ರಗಳು. ಆ ಹೊತ್ತಿಗೆ ನೋವು ಬಂದಿತ್ತು. ಸದ್ದು ನಿಲ್ಲಲಿ ಎಂದು ಹೆಬ್ಬೆರಳು ಎಳೆದೆ. ಎಲ್ಲ ನಕ್ಷತ್ರಗಳೂ ಒಮ್ಮೆಗೇ ಹೊತ್ತಿಕೊಂಡವು. ಮೇಲೆ ಆಕಾಶದಲ್ಲೂ ಆಗ ಒಂದೊಂದೇ ಮೂಡುತ್ತಿದ್ದವು. ಎರಡೂ ಕಡೆ ನೋಡುತ್ತ ಮಲಗಿದೆ, ಚೆಂದ ಕಂಡಿತು. ಪ್ರಯಾಣದಲ್ಲಿ ಏನು ಹಿಡಿಸಿತು ಎಂದು ಫೋನು ಮತ್ತೆ ಕೇಳಿತು. ‘ಒಳ್ಳೆಯ ಮಾತುಕತೆ’ ಎಂಬುದರ ಮೇಲೆ ಬೆರಳು ಬಿತ್ತು.

ಇದನ್ನು ನಾನು ಮರೆತೇಬಿಟ್ಟಿದ್ದೆ. ಎಷ್ಟೋ ತಿಂಗಳ ಮೇಲೆ, ಪರಿಹಾರ ಕೇಳಿ ಅರ್ಜಿ ಹಾಕಿದಾಗ, ವಿಮಾ ಕಂಪನಿಯವರು ಕೋರ್ಟಿಗೆ ತಕರಾರು ಕೊಟ್ಟರು. ಅರ್ಜಿದಾರಳು ಸದರಿ ಪ್ರಯಾಣದಿಂದ ಸಂಪೂರ್ಣ ಸಂತೃಪ್ತಳಾಗಿದ್ದು, ವಿಶೇಷವಾಗಿ ಚಾಲಕನ ಮಾತುಕತೆಯನ್ನು ಮೆಚ್ಚಿರುತ್ತಾಳೆ ಎಂದು ಅದರಲ್ಲಿ ಬರೆದಿದ್ದರು. ನಮ್ಮ ವಕೀಲರು ಹೆಣ್ಣುಮಗಳು, ಅಫಜಲಪುರದವರೇ. ಅದನ್ನು ಓದಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಮುರಿದ ಕೈ ಇಟ್ಟುಕೊಂಡು ಹೀಗೇಕೆ ಮಾಡಿದಿರಿ ಎಂದರು. ಸಂಜೆ ಬಹಳ ಚೆಂದ ಇತ್ತು ಎಂದೆ.

ಅವರು ಕನ್ನಡಕ ಮತ್ತೆ ಹಾಕಿಕೊಂಡು ಹೇಳಿದರು: ‘ಅದರಾಗ ಒಂದ ನಕ್ಷತ್ರರ ನನ್ನ ಸಲುವಾಗಿ ಉಳಸಬೇಕಿತ್ರಿ ಅಕ್ಕಾ.’

ಕೇಸು ಹಾಕಿ ಎಂದು ಕಾಡಿದವರು

ಅರ್ಜಿ ಹಾಕಿದ್ದೇ ಒಂದು ಕಥೆ. ಆಸ್ಪತ್ರೆಯಿಂದ ಬಂದ ಮೇಲೆ ಮಾಸ್ತರು ಮನೆಗೆ ಬಂದರು, ಒಂದು ಚೀಲ ಸೇಬುಹಣ್ಣು ಹಿಡಿದು. ನನ್ನ ಕೈಯ ಬಿಳಿ ಕಟ್ಟು ನೋಡಿ ಅವರ ಕಣ್ಣು ತುಂಬಿತು. ಕೂತವರೇ, ತಮ್ಮ ಮೇಲೆ ಕೇಸು ಹಾಕಬೇಕು ಎಂದು ಹಟ ಹಿಡಿದರು.

ನಾನು ಆಗುವುದಿಲ್ಲ ಎಂದೆ. ಒಳ್ಳೆಯ ಮನುಷ್ಯ, ತಪ್ಪು ಒಪ್ಪಿಕೊಂಡಿದ್ದಾರೆ, ಬಂದಾಗಲೆಲ್ಲ ಸೇಬು ತರುತ್ತಿದ್ದಾರೆ, ಇಂಥವರನ್ನು ಕೋರ್ಟಿಗೆ ಎಳೆದರೆ ಊರು ಏನಂದೀತು. ಅವರು ಪಾಠ ಮಾಡುವ ಹಾಗೆ ತಿಳಿಸಿ ಹೇಳಿದರು. ಪರಿಹಾರ ಕೊಡುವುದು ತಮ್ಮ ಕಾರಿನ ವಿಮಾ ಕಂಪನಿ, ಅದು ಕೊಡಬೇಕಾದರೆ ನಾನು ಕೋರ್ಟಿಗೆ ಹೋಗಬೇಕು, ಕೋರ್ಟಿನಲ್ಲಿ ಎದುರುದಾರ ಎಂದು ತಮ್ಮ ಹೆಸರು ಇರಲೇಬೇಕು. ‘ವರ್ಷಾ ವರ್ಷಾ ವಿಮಾ ಕಟ್ಟೇನ್ರಿ ಅಕ್ಕಾ. ನೀವು ಕೇಸ್ ಹಾಕಲಿಲ್ಲ ಅಂದ್ರ ಅಷ್ಟೂ ದಂಡ’ ಎಂದರು. ಮೂರನೇ ಸಲ ಬಂದಾಗ ಕಾರಿನಲ್ಲಿ ಕೂರಿಸಿಕೊಂಡು ವಕೀಲರ ಆಫೀಸಿಗೇ ಕರೆದುಕೊಂಡು ಹೋದರು. ಈ ಸಲ ನಾನು ಮುಂದಿನ ಸೀಟಿನಲ್ಲಿ ಕೂತೆ.

ವಕೀಲರು ನಡೆದದ್ದನ್ನೆಲ್ಲ ಕೇಳಿ ಬರೆದುಕೊಂಡರು. ಎದುರುದಾರನ ಹೆಸರು, ವಿಳಾಸ ಗೊತ್ತಿದೆಯೇ ಎಂದರು. ಹಿಂದಿನ ಕುರ್ಚಿಯಲ್ಲಿದ್ದ ಮಾಸ್ತರು ಎದ್ದು ನಿಂತು ಕೈ ಎತ್ತಿದರು. ಜೊತೆಗೆ ಬಂದ ನನ್ನ ತಮ್ಮ ಎಂದು ವಕೀಲರು ಅಲ್ಲಿಯವರೆಗೆ ತಿಳಿದಿದ್ದರಂತೆ. ಎದುರುದಾರನೇ ಅರ್ಜಿದಾರಳನ್ನು ಕೈಹಿಡಿದು ತಂದದ್ದನ್ನು ತಾವು ಈ ತನಕ ಕಂಡಿಲ್ಲ ಎಂದು, ಅವರನ್ನು ಹೊರಗಿನ ಕಟ್ಟೆಯ ಮೇಲೆ ಕೂರಲು ಕಳಿಸಿದರು.

ಅರ್ಜಿ ತಯಾರಾಯಿತು. ನನಗೆ ಅರ್ಥವಾಗಲಿ ಎಂದು ವಕೀಲರು ದೊಡ್ಡದಾಗಿ ಓದಿದರು. ಎದುರುದಾರನು ತನ್ನ ವಾಹನವನ್ನು ಅತಿವೇಗ ಹಾಗೂ ನಿರ್ಲಕ್ಷ್ಯದಿಂದ ಚಲಾಯಿಸಿ ಎಂಬಲ್ಲಿಗೆ ಬಂದಾಗ ಕಿಟಕಿಯಲ್ಲಿ ಮಾಸ್ತರ ಮುಖ ಕಾಣಿಸಿತು. ತಪ್ಪು ಬರಹ ಕಂಡರೆ ಅವರಿಗೆ ಸುಮ್ಮನಿರಲು ಆಗುವುದಿಲ್ಲ.

‘ಮೇಡಂ, ನಿರ್ಲಕ್ಷ್ಯ ಖರೆ ಅದ, ಇರಲ್ರಿ. ಅತಿವೇಗ ಅನ್ನೂದು ಹೊಡದ ಹಾಕ್ರಿ. ನನ್ನ ಗಾಡಿ ಅಷ್ಟು ಓಡೂದೇ ಇಲ್ಲ.’

ಗಾಳಿಯ ರೊಟ್ಟಿ

ಕಟ್ಟು ಬಿಚ್ಚಿದ ಮೇಲೆ ಮುಂಗೈ ಅರ್ಧಕ್ಕಷ್ಟೇ ತಿರುಗುತ್ತಿತ್ತು. ರೊಟ್ಟಿ ಬಡಿಯಲು ಕೂತರೆ ನಾಲ್ಕು ಏಟಿಗೆ ಮೊಣಕೈ ತನಕ ಜೋಮು ಹಿಡಿಯುತ್ತಿತ್ತು. ಸೊಸೆಯೇ ಬಡಿಯುತ್ತಿದ್ದಳು. ನಾನು ಹೊರಗೆ ಬೇವಿನ ಗಿಡದ ಕೆಳಗೆ ಕೂತು ಆ ಸದ್ದು ಕೇಳುತ್ತಿದ್ದೆ. ಬೇರೆಯವರ ಕೈಯ ಸದ್ದಿನಲ್ಲಿ ಮಣ್ಣೂರು ದೂರದಿಂದ ಕಾಣಿಸುತ್ತಿತ್ತು, ಹತ್ತಿರ ಬರುತ್ತಿರಲಿಲ್ಲ.

ಕೈಗೆ ಎಷ್ಟು ಊನ ಆಗಿದೆ ಎಂದು ಡಾಕ್ಟರರು ಬರೆದುಕೊಡಬೇಕಿತ್ತು. ಕಲಬುರಗಿಯ ಆಸ್ಪತ್ರೆಗೆ ಹೋದೆ, ವಾರ್ಡಿನಲ್ಲೇ ಕೈ ನೋಡಿದರು. ಡಾಕ್ಟರರು ಬೇರೆ ಸೀಮೆಯವರು, ಚಿಕ್ಕ ವಯಸ್ಸು, ಒಳ್ಳೆಯ ಮನುಷ್ಯ. ರೊಟ್ಟಿ ಬಡಿಯುವುದೆಂದರೆ ಲಟ್ಟಣಿಗೆಯಿಂದ ಲಟ್ಟಿಸುವುದು ಎಂದು ತಿಳಿದಿದ್ದರು. ಅದಕ್ಕೆ ಮುಂಗೈ ಇಷ್ಟು ತಿರುಗಿದರೆ ಸಾಕಲ್ಲ ಎಂದರು. ಅಲ್ಲ ಎಂದೆ. ಹಾಗಾದರೆ ಹೇಗೆ ಎಂದು ಮಾಡಿ ತೋರಿಸಿ, ಇಲ್ಲೇ, ಹಿಟ್ಟು ಇದೆ ಎಂದುಕೊಂಡು ಮಾಡಿ ಎಂದರು.

ನಾನು ಹಾಸಿಗೆಯ ಪಕ್ಕದ ಮೇಜಿನ ಮುಂದೆ ನಿಂತೆ. ಇಲ್ಲದ ಪರಾತದಲ್ಲಿ ಇಲ್ಲದ ಹಿಟ್ಟು ಹಾಕಿ, ಕುದಿನೀರು ಬಿಟ್ಟು ನಾದಿದೆ. ಮುದ್ದೆ ಮಾಡಿದೆ. ಕೆಳಗೆ ಹಿಟ್ಟು ಉದುರಿಸಿ ಬಡಿಯಲು ಸುರು ಮಾಡಿದೆ. ಬರೀ ಗಾಳಿಯಾದ್ದರಿಂದಲೋ ಏನೋ ನೋವು ತಡವಾಗಿ ಬಂತು. ಕಣ್ಣು ತಾನೇ ಮುಚ್ಚಿತು. ಬಹಳ ದಿನದ ಮೇಲೆ ಹೊಳೆಯ ದಂಡೆ ಕಂಡಿತು. ನೀರಿನ ವಾಸನೆಯೂ ಬಂದ ಹಾಗಾಯಿತು. ಕಣ್ಣು ತೆರೆದೆ. ನರ್ಸು ನಿಂತಿದ್ದರು, ಡಾಕ್ಟರರು ಕೈಯಲ್ಲಿ ಪೆನ್ನು ಹಿಡಿದು ಬಾಗಿದ್ದರು. ರೊಟ್ಟಿ ಎತ್ತಿ ಹಂಚಿಗೆ ಹಾಕಿದೆ, ಮೇಲೆ ನೀರು ಸವರಿದೆ. ಅಲ್ಲಿಗೆ ಮುಂಗೈ ಸೋತು ನಿಂತುಬಿಟ್ಟೆ.

ಪಕ್ಕದ ಹಾಸಿಗೆಯಲ್ಲಿ ಕಾಲಿಗೆ ತೂಕ ಕಟ್ಟಿಸಿಕೊಂಡು ಮಲಗಿದ್ದ ಒಬ್ಬ ರೈತರು ನನ್ನನ್ನೇ ನೋಡುತ್ತಿದ್ದವರು, ತಡೆಯಲಾರದೆ ಮೆಲ್ಲಗೆ ಹೇಳಿದರು:

‘ಯವ್ವಾ, ತಿರುವಿ ಹಾಕ್ರಿ. ತಳ ಹತ್ತಾಕತ್ತದ.’

ತನಿಖೆಗೆ ಬಂದ ಅಳಿಯ

ವಿಮಾ ಕಂಪನಿಯವರಿಗೆ ಇನ್ನೊಂದು ಸಂಶಯ ಇತ್ತು. ಮಾಸ್ತರದು ಮನೆಬಳಕೆಯ ಕಾರು. ಬಾಡಿಗೆಗೆ ಓಡಿಸಿದ್ದರೆ ತಾವು ಪರಿಹಾರ ಕೊಡಬೇಕಿಲ್ಲ ಎಂಬುದು ಅವರ ವಾದ. ಪೆಟ್ರೋಲಿನ ಖರ್ಚು ಹಂಚಿಕೊಂಡರೆ ಅದು ಬಾಡಿಗೆ ಆಗುವುದಿಲ್ಲ ಎಂಬುದು ನಮ್ಮ ವಕೀಲರ ವಾದ. ಏನು ಕೇಳಿದರೂ ಇದ್ದದ್ದನ್ನೇ ಹೇಳಿ, ಒಂದಕ್ಕೊಂದು ಸೇರಿಸಬೇಡಿ ಎಂದು ನನಗೆ ತಾಕೀತು ಮಾಡಿದ್ದರು.

ಒಂದು ಮಧ್ಯಾಹ್ನ ಕಂಪನಿಯ ಪರವಾಗಿ ತನಿಖೆ ಮಾಡುವವರೊಬ್ಬರು ಖಾನಾವಳಿಗೇ ಬಂದರು. ಇಸ್ತ್ರಿ ಅಂಗಿ, ಹೆಗಲಿಗೆ ಚೀಲ, ಮುಖದಲ್ಲಿ ಬಹಳ ಗಾಂಭೀರ್ಯ. ಊಟದ ಹೊತ್ತು ಎಂದು ನಮ್ಮ ಮನೆಯವರು ಎಲೆ ಹಾಕಿಸಿದರು. ಬೇಡ ಬೇಡ ಎನ್ನುತ್ತಲೇ ಅವರು ಕೂತರು. ಊಟ ಮಾಡುತ್ತ ಕೇಳಿದರು, ಆ ಮಾಸ್ತರು ನಿಮಗೆ ಏನಾಗಬೇಕು?

ಹತ್ತುವಾಗ ಏನೂ ಆಗಬೇಕಿರಲಿಲ್ಲ ಎಂದೆ. ಆಳಂದ ದಾಟಿದ ಮೇಲೆ ನಿಮ್ಮ ತವರು ಯಾವುದು ಎಂದು ಮಾಸ್ತರು ಕೇಳಿದರು. ಮಣ್ಣೂರು ಎಂದೆ. ಅವರ ತಾಯಿಯ ತವರೂ ಮಣ್ಣೂರು. ನಾನು ಸಣ್ಣವಳಿದ್ದಾಗ ಹೊಳೆಯಿಂದ ಬರುತ್ತ ನೀರು ಕುಡಿಯಲು ಹೋಗುತ್ತಿದ್ದ ಮನೆಯೇ ಅವರ ಅಜ್ಜನ ಮನೆ. ಅವರ ತಾಯಿ ನನ್ನ ತಲೆ ಬಾಚಿದವರು, ನಾನು ಅವರನ್ನು ಚಿಕ್ಕವ್ವನ ಹಾಗೆ ಚಾಚಿ ಅನ್ನುತ್ತಿದ್ದೆ. ಅಂದ ಮೇಲೆ ಮಾಸ್ತರು ನನಗೆ ತಮ್ಮ ಆದರು. ಇದೆಲ್ಲ ಪತ್ತೆ ಆಗಿ ಸ್ವಲ್ಪ ದೂರಕ್ಕೇ ಕಾರು ಹೊಲಕ್ಕೆ ಇಳಿಯಿತು.

ತನಿಖೆಯವರಿಗೆ ತಲೆಬಿಸಿ ಆಯಿತು. ಹತ್ತುವಾಗ ಪರಕೀಯಳು, ಬೀಳುವಾಗ ಅಕ್ಕ ಎಂದು ಬರೆದರೆ ಸಾಹೇಬರು ಒಪ್ಪುವರೇ? ಯಾವ ಊರಿನ ಹತ್ತಿರ ಸಂಬಂಧ ಆಯಿತು, ಅದಾದರೂ ಹೇಳಿ ಎಂದರು. ಕಬ್ಬಿನ ಟ್ರ್ಯಾಕ್ಟರೊಂದು ದಾಟಿ ಹೋದ ಮೇಲೆ ಎಂದೆ, ನನಗೆ ನೆನಪಿದ್ದದ್ದು ಅಷ್ಟೇ.

ಸೊಸೆ ಇನ್ನೊಂದು ರೊಟ್ಟಿ ಹಾಕಿದಳು. ಮಾತಿಗೆ ಮಾತು ಬಂದು, ನಿಮ್ಮದು ಯಾವ ಊರು ಎಂದು ನಾನು ಕೇಳಿದೆ. ಜೇವರ್ಗಿ ಕಡೆ ಎಂದರು. ಹೆಂಡತಿಯದು? ಅತನೂರು ಎಂದರು. ಅತನೂರಿನಲ್ಲಿ ಯಾರ ಮನೆ ಎಂದೆ. ಹೇಳಿದರು. ನಾನು ಒಳಗಿದ್ದ ನಮ್ಮ ಮನೆಯವರನ್ನು ಕೂಗಿ ಕರೆದೆ. ಅದು ಅವರ ಕಾಕಾನ ಮಗಳ ಮನೆ. ತನಿಖೆಗೆ ಬಂದವರ ಹೆಂಡತಿ ನಮ್ಮ ಮನೆಯವರಿಗೆ ಸೋದರಸೊಸೆ ಆಗಬೇಕು. ಆ ಮದುವೆಗೆ ನಾವು ಹೋಗಿದ್ದೆವು, ಜನರ ಗದ್ದಲದಲ್ಲಿ ಮದುಮಗನ ಮುಖ ಸರಿಯಾಗಿ ಕಂಡಿರಲಿಲ್ಲ ಅಷ್ಟೇ.

ಅವರು ತುತ್ತು ಕೈಯಲ್ಲೇ ಹಿಡಿದು ಕೂತರು. ಆಮೇಲೆ ಕೈ ತೊಳೆದು ಬಂದು, ಬಾಗಿ ನನ್ನ ಕಾಲು ಮುಟ್ಟಿದರು.

‘ಇನ್ನ ಈ ತನಿಖೆ ನಾ ಮಾಡೂಹಂಗಿಲ್ರಿ ಅತ್ತಿ. ಯಾರರ ಪರದೇಶಿ ಮಂದಿ ಸಿಕ್ಕರ ಕಳಸ್ತೇನಿ.’

ನಿದ್ದೆಯ ಸಾಕ್ಷಿ

ಕಾರಿನಲ್ಲಿ ಇದ್ದವರು ಮೂವರು. ಅದರಲ್ಲಿ ನಾನು ಅರ್ಜಿದಾರಳು, ಮಾಸ್ತರು ಎದುರುದಾರ. ಉಳಿದವರು ಜೇವರ್ಗಿಯ ಹಿರಿಯರು. ಅವರು ನಿದ್ದೆ ಮಾಡುತ್ತಿದ್ದರು ಎಂದು ನಾನು ಹೇಳಿದರೂ ವಕೀಲರು ಅವರನ್ನು ಕರೆಸಿದರು. ಹೊಲದ ಒಡೆಯರು ಬಂದದ್ದು ಎಲ್ಲ ಆದ ಮೇಲೆ, ಬೇರೆ ಯಾರೂ ಇರಲಿಲ್ಲ.

ಹಿರಿಯರು ಮಡಿ ಧೋತರ ಉಟ್ಟು ಬಂದರು. ಸುಳ್ಳು ಹೇಳಲಾರೆ ಎಂದು ಕಟಕಟೆ ಹತ್ತುವ ಮೊದಲೇ ನಮ್ಮ ವಕೀಲರಿಗೆ ಹೇಳಿದ್ದರು. ಅಪಘಾತದ ಹೊತ್ತಿಗೆ ಏನು ಕಂಡಿರಿ ಎಂಬ ಪ್ರಶ್ನೆಗೆ ಅವರು ಕಂಡದ್ದನ್ನೇ ಹೇಳಿದರು. ಭೀಮಾ ನದಿ ಕಂಡಿತು. ತುಂಬಿ ಹರಿಯುತ್ತಿತ್ತು, ಆದರೆ ಸದ್ದಿರಲಿಲ್ಲ. ದಂಡೆಯಲ್ಲಿ ಒಂದು ದೋಣಿ ಇತ್ತು. ಅದರಲ್ಲಿ ತೀರಿಕೊಂಡ ತಮ್ಮ ಹೆಂಡತಿ ಕೂತಿದ್ದಳು, ಹಸಿರು ಇಳಕಲ್ ಸೀರೆ, ತೊಡೆಯ ಮೇಲೆ ಎಲೆಯಡಿಕೆಯ ತಟ್ಟೆ. ಬರ್ರಿ, ಎಷ್ಟೊತ್ತು ಮಾಡ್ತೀರಿ ಅಂದಳು. ತಾವು ಕಾಲು ಎತ್ತಿ ದೋಣಿಯಲ್ಲಿ ಇಡಬೇಕು, ಅಷ್ಟರಲ್ಲಿ ದೋಣಿ ತೊಗರಿ ಹೊಲಕ್ಕೆ ಹತ್ತಿಬಿಟ್ಟಿತು.

ಟೈಪ್ ಮಾಡುತ್ತಿದ್ದ ಹೆಣ್ಣುಮಗಳು ದೋಣಿಯ ಹತ್ತಿರವೇ ಕೈ ನಿಲ್ಲಿಸಿದ್ದಳು. ಕಂಪನಿಯ ವಕೀಲರು ಎದ್ದು, ಅಂದರೆ ನೀವು ಏನೂ ನೋಡಿಲ್ಲ ಎಂದರು. ನೋಡಿದ್ದೇನೆ, ನೀವು ಕೇಳುವುದನ್ನು ನೋಡಿಲ್ಲ ಎಂದರು ಹಿರಿಯರು.

ಜಜ್ ಸಾಹೇಬರು ಮೆತ್ತಗೆ ಕೇಳಿದರು, ನಿದ್ದೆ ಹತ್ತುವ ಮೊದಲು ಕಡೆಯದಾಗಿ ಏನು ನೋಡಿದಿರಿ?

‘ಮಾಸ್ತರ ಮಾರಿ ನೋಡ್ರಿ. ಏನೋ ಕಥಿ ಹೇಳಾಕತ್ತಿದ್ರು.’

‘ಬಾಜೂಕಿನಿಂದ ಅರ್ಧ ಕಂಡಿತೇನು?’

‘ಇಲ್ರಿ, ಪೂರಾ ಮಾರಿ. ಎರಡೂ ಕಣ್ಣು, ಮೀಸಿ, ಎಲ್ಲಾ.’

ಪಕ್ಕದಲ್ಲಿ ಕೂತವರಿಗೆ ಕಾರು ಓಡಿಸುವವರ ಪೂರಾ ಮುಖ ಕಾಣಿಸಿತು ಎಂದರೆ ಆ ಮುಖ ಹೊರಟಾಗಿನಿಂದಲೇ ರಸ್ತೆಯ ಕಡೆ ಇರಲಿಲ್ಲ ಎಂದಾಯಿತು. ಜಜ್ ಸಾಹೇಬರು ಅದನ್ನು ತಾವೇ ಹೇಳಿ ಬರೆಸಿದರು. ಎದುರಿಗಿದ್ದ ಮಾಸ್ತರು, ಸರಿಯುತ್ತರ ಬಂತು ಎನ್ನುವಂತೆ ತಲೆ ಆಡಿಸಿದರು. ನಮ್ಮ ಕೇಸು ಗಟ್ಟಿಯಾದದ್ದು ಆ ನಿದ್ದೆಯಿಂದಲೇ.

ಮುಗಿಯಿತು, ಇಳಿಯಿರಿ ಎಂದರು. ಹಿರಿಯರು ಇಳಿಯಲಿಲ್ಲ. ಕಟಕಟೆಯ ಕಟ್ಟಿಗೆ ಹಿಡಿದು ಬಹಳ ಮರ್ಯಾದೆಯಿಂದ ಕೇಳಿದರು:

‘ಸಾಹೇಬ್ರ, ಮತ್ತ ಕರೆಸೂದಿಲ್ಲಲ್ರಿ? ಆಕಿ ದೋಣ್ಯಾಗ ಕುಂತಾಳ. ನನಗ ತಡಾ ಆಗಾಕತ್ತದ.’

ಎಲ್ಲರೂ ನಕ್ಕರು, ಜಜ್ ಸಾಹೇಬರೂ ನಕ್ಕರು. ನಕ್ಕ ಮೇಲೆ ಸ್ವಲ್ಪ ಹೊತ್ತು ಮುಂದಿನ ಕೇಸು ಕೂಗಲು ಯಾರಿಗೂ ನೆನಪಾಗಲಿಲ್ಲ.

ದಪ್ಪ ರೊಟ್ಟಿ

ಕೇಸು ನಮ್ಮ ಕಡೆ ಆಯಿತು. ಬಾಡಿಗೆಯ ವಾದ ನಿಲ್ಲಲಿಲ್ಲ, ಕಂಪನಿಯವರು ಪರಿಹಾರ ಕೊಟ್ಟರು. ಖಾನಾವಳಿಗೆ ಇನ್ನೊಬ್ಬ ಹೆಣ್ಣುಮಗಳನ್ನು ಇಟ್ಟುಕೊಂಡೆವು, ಸೊಸೆಗೆ ಉಸಿರಾಡಲು ಬಿಡುವಾಯಿತು. ನಾನು ಈಗ ಮುಂಜಾನೆ ಎರಡೋ ಮೂರೋ ರೊಟ್ಟಿ ಬಡಿಯುತ್ತೇನೆ, ಗಿರಾಕಿಗಳಿಗಲ್ಲ, ನನಗಾಗಿ. ಅಷ್ಟರಲ್ಲಿ ಹೊಳೆಯ ತನಕ ಹೋಗಲು ಆಗುವುದಿಲ್ಲ, ಮಣ್ಣೂರಿನ ಅಗಸಿ ಬಾಗಿಲ ತನಕ ಹೋಗಿ ಬರುತ್ತೇನೆ.

ಆದರೆ ಇದೆಲ್ಲದರಲ್ಲಿ ಹೆಚ್ಚು ನಗು ಬಂದದ್ದು ನನ್ನನ್ನೇ ಕಟಕಟೆಯಲ್ಲಿ ನಿಲ್ಲಿಸಿದ ದಿನ. ಅದು ಆದದ್ದು ಹಿರಿಯರ ಸಾಕ್ಷಿಗಿಂತ ಮೊದಲು. ನೆನೆದಾಗ ಮಾತ್ರ ನನಗೆ ಅದು ಕಡೆಗೇ ಬರುತ್ತದೆ.

ಕಂಪನಿಯ ವಕೀಲರು ಅಫಜಲಪುರದ ಕೋರ್ಟಿಗೆ ಕಲಬುರಗಿಯಿಂದ ಬರುವವರು. ಎತ್ತರದ ಆಳು, ಕಂಚಿನ ಕಂಠ, ಪ್ರಶ್ನೆ ಕೇಳಲು ಎದ್ದರೆ ಸಾಕ್ಷಿದಾರರಿಗೆ ತಮ್ಮ ಹೆಸರೇ ಮರೆಯುತ್ತಿತ್ತು. ನಾನು ಎಡಗೈಯಿಂದ ಕಟಕಟೆ ಹಿಡಿದುಕೊಂಡೆ. ಅವರು ಎದ್ದು ನಿಂತು, ನಿಮ್ಮ ಖಾನಾವಳಿ ಒಂದು ದಿನವೂ ಬಂದ್ ಆಗಿಲ್ಲ, ಹೌದೋ ಅಲ್ಲವೋ ಎಂದರು. ಅಪಘಾತ ಆದ ಮೇಲೆ ಸ್ವಲ್ಪ ದಿನ ಬಿಟ್ಟರೆ ಬಂದ್ ಆಗಿಲ್ಲ ಎಂದೆ. ಇವತ್ತೂ ಅಲ್ಲಿ ರೊಟ್ಟಿ ಆಗುತ್ತಿದೆ, ಹೌದೋ ಅಲ್ಲವೋ. ಹೌದು, ಸೊಸೆ ಬಡಿಯುತ್ತಾಳೆ ಎಂದೆ. ಅಂದ ಮೇಲೆ ನಷ್ಟ ಎಲ್ಲಿಂದ ಬಂತು ಎಂದರು. ಗಿರಾಕಿಗಳು ಮೊದಲಿನಷ್ಟು ಇಲ್ಲ, ಸೊಸೆ ಇನ್ನೂ ಕಲಿಯುತ್ತಿದ್ದಾಳೆ, ರೊಟ್ಟಿ ಮೊದಲಿನಂತೆ ಬರುವುದಿಲ್ಲ ಎಂದೆ.

ಅವರಿಗೆ ಇದೇ ಬೇಕಿತ್ತು. ಅಂಗೈ ಮೇಲೆತ್ತಿ ಜಜ್ ಸಾಹೇಬರ ಕಡೆ ತಿರುಗಿದರು. ರೊಟ್ಟಿ ಅಂದರೆ ರೊಟ್ಟಿ, ಅದೇ ಜೋಳ, ಅದೇ ನೀರು, ಅದೇ ಒಲೆ. ಅತ್ತೆ ಬಡಿದರೇನು, ಸೊಸೆ ಬಡಿದರೇನು, ತಿನ್ನುವವನಿಗೆ ಯಾವ ಫರಕೂ ತಿಳಿಯುವುದಿಲ್ಲ, ಇದು ಪರಿಹಾರಕ್ಕಾಗಿ ಕಟ್ಟಿದ ಕಥೆ ಎಂದರು. ಒಳ್ಳೆಯ ಮಾತುಗಾರರು. ನನಗೇ ಅವರು ಹೇಳುವುದು ಖರೆ ಅನ್ನಿಸಲು ಹತ್ತಿತ್ತು.

ಆಮೇಲೆ ನನ್ನ ಕಡೆ ತಿರುಗಿ, ‘ಅಂದಂಗ ಎಲ್ಲಿ ಅದ ನಿಮ್ಮ ಖಾನಾವಳಿ?’ ಎಂದರು.

‘ಹಳೇ ಬಸ್ ಸ್ಟ್ಯಾಂಡ್ ಹಿಂದ ನೋಡ್ರಿ. ಬೇವಿನ ಗಿಡದ ಬಾಜೂಕ.’

ವಕೀಲರು ಮುಂದಿನ ಪ್ರಶ್ನೆಗೆ ಬಾಯಿ ತೆರೆದವರು ಹಾಗೆಯೇ ನಿಂತರು. ಅವರು ತಾರೀಖು ಇದ್ದಾಗಲೆಲ್ಲ ಊಟ ಮಾಡುತ್ತಿದ್ದದ್ದು ನಮ್ಮಲ್ಲೇ. ನಾನು ಯಾವಾಗಲೂ ಒಳಗೆ ಒಲೆಯ ಮುಂದೆ, ಅವರು ಹೊರಗೆ. ನಾನು ಅವರನ್ನು ಕಂಡಿರಲಿಲ್ಲ, ಅವರು ನನ್ನನ್ನು ಕಂಡಿರಲಿಲ್ಲ. ಈಗ ಅವರ ಕಣ್ಣು ಎಲ್ಲೋ ದೂರ ಹೋಯಿತು. ಆ ನೋಟ ನನಗೆ ಗುರುತಿತ್ತು. ರೊಟ್ಟಿಯ ಮುಂದೆ ಕೂತು ನಾನೂ ಹಾಗೇ ಹೋಗುವವಳು. ಅವರು ಕೋರ್ಟಿನಲ್ಲಿ ಇರಲಿಲ್ಲ. ಬಿಸಿ ರೊಟ್ಟಿ, ಪುಂಡಿಪಲ್ಯ, ಹಸಿ ಉಳ್ಳಾಗಡ್ಡಿ, ಶೇಂಗಾಹಿಂಡಿ, ಅವುಗಳ ಮುಂದೆ ಎಲ್ಲೋ ಇದ್ದರು. ಅಲ್ಲಿಂದಲೇ, ತಮ್ಮಷ್ಟಕ್ಕೆ ತಾವು, ಆದರೆ ಆ ಕಂಚಿನ ಕಂಠದಲ್ಲಿ ಅಂದರು:

‘ಅದಕ್ಕಽ ಅನ್ರಿ ಮತ್ತ. ದೀಪಾವಳಿ ಆದಾಗಿಂದ ದಪ್ಪ ಆಗ್ಯಾವ.’

ಟೈಪ್ ಮಾಡುವ ಹೆಣ್ಣುಮಗಳ ಬೆರಳು ಆ ಮಾತಿನ ಹಿಂದೆಯೇ ಟಕಟಕ ಓಡಿ ನಿಂತಿತು. ನಮ್ಮ ವಕೀಲರು ಬಾಯಿಗೆ ಸೆರಗು ಒತ್ತಿಕೊಂಡು ಕಿಟಕಿಯ ಕಡೆ ನೋಡುತ್ತಿದ್ದರು.

ಜಜ್ ಸಾಹೇಬರು ಕೇಳಿದರು, ವಕೀಲರೆ, ಇದು ಪ್ರಶ್ನೆಯೋ, ಸಾಕ್ಷಿಯೋ?

ಅವರು ಎಚ್ಚೆತ್ತರು. ಕರಿಕೋಟು ಎಳೆದುಕೊಂಡರು. ಪ್ರಶ್ನೆ, ಪ್ರಶ್ನೆಯನ್ನು ಹಿಂದಕ್ಕೆ ಪಡೆಯುತ್ತೇನೆ ಎಂದರು.

‘ಪ್ರಶ್ನೆ ಹಿಂದಕ್ಕ ತಗೋರಿ. ದಪ್ಪ ಆಗಿದ್ದು ಇರಲಿ’ ಎಂದರು ಜಜ್ ಸಾಹೇಬರು.

ಇನ್ನೇನಾದರೂ ಕೇಳುವುದಿದೆಯೇ ಎಂದು ಅವರನ್ನು ಕೇಳಿದರು. ಅವರು ಗೋಡೆಯ ಗಡಿಯಾರ ನೋಡಿದರು, ಊಟದ ಬಿಡುವಿಗೆ ಹತ್ತಿರವಾಗಿತ್ತು. ಒಂದೇ ಒಂದು ಇದೆ ಎಂದು ಕಟಕಟೆಯ ಹತ್ತಿರ ಬಂದರು. ಕಂಠ ಇಳಿದಿತ್ತು. ಅವರು ಕಂಪನಿಯ ಪರವಾಗಿ ಕೇಳುತ್ತಿಲ್ಲ ಎಂದು ಬಾಗಿಲಲ್ಲಿ ನಿಂತ ಜವಾನನಿಗೂ ಗೊತ್ತಾಯಿತು.

‘ಕೈ ಯಾವಾಗ ಪೂರಾ ಆರಾಮ ಆಗ್ತದ್ರಿ ಅಕ್ಕಾ?’

‘ಪೂರಾ ಆಗೂದಿಲ್ಲಂತ್ರಿ. ಡಾಕ್ಟರು ಹೇಳ್ಯಾರ’ ಎಂದೆ.

‘ಅಯ್ಯಯ್ಯೋ’ ಎಂದವರೇ ವಕೀಲರು ಕುರ್ಚಿಯಲ್ಲಿ ಕುಸಿದು ಕೂತರು.

ಇದನ್ನೂ ಬರೆದುಕೊಳ್ಳಬೇಕೇ ಎಂದು ಟೈಪ್ ಮಾಡುವ ಹೆಣ್ಣುಮಗಳು ಜಜ್ ಸಾಹೇಬರ ಮುಖ ನೋಡಿದಳು.